ಬ್ಯಾಟ್ರಿಗಿ ಸುತ್ತಿದ ಹಸಿ ಗೋಣಿ

ನಾ ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೀನಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಆಗಿದ್ದಕ್ಕೆಲ್ಲಾ ಬುಡ ಅಲ್ಲೇ ಅದ. ಮನಿ ಯಾದಗಿರಿಯಾಗ, ಸಾಲಿ ರಾಮಸಮುದ್ರದಿಂದ ಆಚಿಗಿ. ಇಪ್ಪತ್ತು ವರ್ಷ ಬಸ್ಸಿಗಿ ಕಾದು, ಕಂಡಕ್ಟರ್ ಜೊತಿ ಜಗಳಾಡಿ ಸಾಕಾಗಿ ಒಂದಿನ ಸೈಕಲ್ ತಗೊಂಡೆ. ಮೊಣಕಾಲು ಒಪ್ಪಲಿಲ್ಲ. ಆಮ್ಯಾಲ ಹಿಂದಿನ ಗಾಲಿಗಿ ಮೋಟರ್ ಹಾಕಿಸಿ, ಫ್ರೇಮಿಗಿ ಇಟ್ಟಂಗಿಯಷ್ಟು ದೊಡ್ಡ ಬ್ಯಾಟ್ರಿ ಕಟ್ಟಿಸಿದೆ. "ಈ ವಯಸ್ಸಿನಾಗ ಸೈಕಲ್ಲೇನ್ರೀ ಟೀಚರ್?" ಅಂದವರಿಗಿ "ಮತ್ತ ನಿಮ್ಮ ವಯಸ್ಸಿನಾಗ ಕಟ್ಟಿ ಮ್ಯಾಲ ಕುಂದ್ರೋದೇನ್ರೀ?" ಅಂತ ಅಲ್ಲೇ ತಿರುಗಿಸಿ ಕೊಟ್ಟೀನಿ. ನನ್ನ ಬಾಯಿ ಹಂಗ.

ನಮ್ಮದೊಂದು ಸೈಕಲ್ ಗುಂಪು ಅದ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡಿಯವರು ಅದರಾಗ ಅದಾರ. ಐತವಾರ ಮುಂಜಾನಿ ಬಂದವರು ಕೂಡಿ ಒಂದಿಷ್ಟು ದೂರ ತುಳಿದು ಬರೋದು, ಉಳಿದ ದಿನ ಮೊಬೈಲಿನ ಗ್ರೂಪಿನಾಗ ಮಾತು. ಜಾಲಿ ಮುಳ್ಳಿಗಿ ಪಂಚರ್ ಆಗಾಕತ್ತದಂದ್ರ ಟೈರಿನೊಳಗ ಹಳೀ ಟ್ಯೂಬು ಸೀಳಿ ಹಾಸ್ರಿ. ಮೋಟರಿನ ವೈರು ಅಚ್ಚಿನೊಳಗ ಹೋಗೋ ಕಡಿ ಸ್ವಲ್ಪ ಜೋಲು ಬಿಡ್ರಿ, ಮಳಿ ನೀರು ಅಲ್ಲೇ ಹನೀತದ, ಒಳಗ ಹೋಗಂಗಿಲ್ಲ. ಏರು ಬಂದಾಗ ಮೋಟರನ್ನೇ ನಂಬಿ ಕುಂದ್ರಬ್ಯಾಡ್ರಿ, ನೀವೂ ಕಾಲು ಹಾಕ್ರಿ. ನಡುವ ಬೆನ್ನು ನೋವಿಗಿ ಯಾವ ಡಾಕ್ಟರು ಛಲೋ, ಗ್ಯಾಸಿನ ಉರಿ ಯಾಕ ಕೆಂಪು ಬರ್ತದ, ಅದೂ ಅಲ್ಲೇ.

ನಮ್ಮ ಕಡಿ ಒಂದು ರೂಢಿ ಅದ. ಯಾರರ ಏನರ ಕೇಳಿದ್ರ ಗೊತ್ತಿಲ್ಲ ಅನ್ನಂಗಿಲ್ಲ. ನೀರು ಕೇಳಿದವರಿಗಿ ಇಲ್ಲ ಅಂದಷ್ಟು ಕೆಟ್ಟದು ಅದು. ಬಸ್ಸು ಎಷ್ಟಕ್ಕ ಬರ್ತದ ಅಂತ ಕೇಳ್ರಿ, ಗೊತ್ತಿಲ್ಲದವರೂ ಒಂದು ಟೈಮ್ ಹೇಳಿ ಕಳಿಸ್ತಾರ. ಗ್ರೂಪಿನಾಗೂ ಹಂಗೇ. ಪ್ರಶ್ನಿ ಮುಗಿಯೋದ್ರಾಗ ಹತ್ತು ಉತ್ತರ. ಅದರಾಗ ನನ್ನ ಉತ್ತರಕ್ಕ ತೂಕ ಜಾಸ್ತಿ, ಯಾಕಂದ್ರ ನಾ ಟೀಚರ್, ಅದೂ ವಿಜ್ಞಾನದ ಟೀಚರ್. ಈ ಮರ್ಯಾದಿ ನನಗ ಭಾಳ ಸೇರ್ತಿತ್ತು. ಸುಳ್ಳು ಯಾಕ ಹೇಳ್ಲಿ?

ಗುಂಪಿನಾಗ ಒಬ್ಬರು ಟೇಲರ್ ಭಾಯಿ ಇದ್ರು. ಶಹಾಪುರದಿಂದ ಸುರಪುರಕ್ಕ ಹೋಗೋ ದಾರ್ಯಾಗ ಕೆನಾಲ್ ದಾಟಿದ ಮ್ಯಾಲ ಎಡಕ್ಕ ಅವರ ಹಳ್ಳಿ. ಸುರಪುರದಾಗ ಹೊಲಿಗಿ ಅಂಗಡಿ. ಸಣ್ಣಾಂದಿನಾಗ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಮೋಟರ್ ಹಾಕಿಸೋಕ ಮುಂಚೆ ದಿನಾ ಮತ್ತೊಬ್ಬರ ಗಾಡಿ ಹಿಂದ ಕುಂತು ಹೋಗ್ತಿದ್ರಂತ. "ಈಗ ಯಾರಿಗೂ ಸಲಾಂ ಹೊಡೆಯೋದಿಲ್ರೀ, ನನ್ನ ಟೈಮಿಗಿ ನಾ ಹೋಗ್ತೀನಿ" ಅಂತ ಒಮ್ಮೆ ಗ್ರೂಪಿನಾಗ ಹೇಳಿದ್ರು. ಮಾತು ಕಡಿಮಿ. ಅವರು ಕೊಟ್ಟ ಸಲಹಾ ಒಂದೇ: ಚೈನಿಗಿ ಅಡಗಿ ಎಣ್ಣಿ ಬ್ಯಾಡ್ರಿ, ಹೊಲಿಗಿ ಮಿಷನ್ನಿನ ಎಣ್ಣಿ ಬಿಡ್ರಿ. ಅದು ಖರೇನ ಛಲೋ ಸಲಹಾ. ತಾವು ಮಾಡಿ ನೋಡಿದ್ದಷ್ಟನ್ನೇ ಅವರು ಹೇಳ್ತಿದ್ರು. ಉಳಿದಂಗ ಅವರು ಕೇಳೋರು, ನಾ ಹೇಳಾಕಿ.

ಆ ವರ್ಷ ಏಪ್ರಿಲ್ ನಡುವಿನಾಗೇ ಬಿಸಲು ತಲಿ ಮ್ಯಾಲ ಕುಂತಿತ್ತು. ಮಧ್ಯಾಹ್ನ ಬ್ಯಾಟ್ರಿ ಮುಟ್ಟಿದ್ರ ರೊಟ್ಟಿ ಹಂಚು ಮುಟ್ಟಿದಂಗ. ಅರ್ಧ ದಾರ್ಯಾಗ ಮೋಟರ್ ತಾನೇ ಬಂದ್ ಬೀಳ್ತಿತ್ತು, ಹತ್ತು ನಿಮಿಷ ನೆಳ್ಳಾಗ ನಿಂತ್ರ ಮತ್ತ ಚಾಲೂ. ಬ್ಯಾಟ್ರಿ ತಂಪು ಇಡೋದು ಹೆಂಗ್ರೀ ಅಂತ ಟೇಲರ್ ಭಾಯಿ ಕೇಳಿದ್ರು. ಕೇಳಿದ್ದೇ ತಡ, ನಾ ಮೊಬೈಲ್ ಬಾಯಿ ಹತ್ರ ಹಿಡಿದು ನಾಕು ನಿಮಿಷ ಪಾಠ ಮಾಡಿದೆ.

"ಹೊಲಕ್ಕ ಹೋಗೋರು ನೀರಿನ ಬಾಟ್ಲಿಗಿ ಗೋಣಿ ಸುತ್ತಿ ತೊಯ್ಸಂಗಿಲ್ಲೇನ್ರೀ? ಮಟಮಟ ಮಧ್ಯಾಹ್ನದಾಗೂ ಒಳಗಿನ ನೀರು ತಣ್ಣಗ ಇರ್ತದೋ ಇಲ್ಲೋ? ನೀರು ಆವಿ ಆಗೋ ಮುಂದ ಶಾಖ ಎಳಕೊಂಡು ಹೋಗ್ತದ. ಬ್ಯಾಟ್ರಿಗೂ ಅದೇ ನಿಯಮ. ಒಂದು ಗೋಣಿ ತುಂಡು ತೊಯ್ಸಿ ಸುತ್ರಿ, ಒಣಗಿದಂಗ ನೀರು ಚಿಮಕಿಸ್ರಿ. ನಾ ಎಂಟು ದಿನದಿಂದ ಮಾಡಾಕತ್ತೀನಿ, ಮೋಟರ್ ಒಮ್ಮಿನೂ ನಿಂತಿಲ್ಲ."

ಅದು ಸುಳ್ಳಲ್ಲ. ನಾ ಮಾಡಿದ್ದೆ, ನಿಂತಿರಲಿಲ್ಲ. ಎಂಟೇ ದಿನ ಆಗಿತ್ತು, ಅಷ್ಟೇ.

ಗ್ರೂಪಿನಾಗ ಹೆಬ್ಬೆರಳಿನ ಸುರಿಮಳಿ. ಐದಾರು ಮಂದಿ ಅವತ್ತೇ ಗೋಣಿ ಸುತ್ತಿದ್ರು. ನಾಕು ದಿನದ ಮ್ಯಾಲ ಟೇಲರ್ ಭಾಯಿ ಒಂದು ಫೋಟೋ ಹಾಕಿದ್ರು. ಯಪ್ಪಾ, ಎಂಥಾ ಕೆಲಸ! ಬ್ಯಾಟ್ರಿ ಅಳತಿಗಿ ಗೋಣಿ ಕತ್ತರಿಸಿ, ಒಳಗ ಹತ್ತಿ ಅರಬಿ ಅಸ್ತರು ಕೊಟ್ಟು, ಅಂಚಿಗಿ ಪಟ್ಟಿ ಹಚ್ಚಿ, ಲಾಡಿ ಹಾಕಿ ಹೊಲಿದಿದ್ರು. ಕೂಸಿಗಿ ಅಂಗಿ ತೊಡಿಸಿದಂಗ ಬ್ಯಾಟ್ರಿಗಿ ತೊಡಿಸಿದ್ರು. "ಟೀಚರ್ ಹೇಳಿದಂಗ ಮಾಡೀನಿ" ಅಂತ ಕೆಳಗ ಬರಿದಿದ್ರು. ನಾ "ಶಭಾಷ್ ಭಾಯಿ, ಎಲ್ಲಾರೂ ನೋಡಿ ಕಲೀರಿ" ಅಂತ ಹಾಕಿದೆ. ಅವತ್ತೆಲ್ಲಾ ನೆಲದ ಮ್ಯಾಲ ಕಾಲು ನಿಲ್ಲಲಿಲ್ಲ ನನಗ.

ಇದಾಗಿ ಒಂದು ತಿಂಗಳ ಮ್ಯಾಲ ಒಂದು ಐತವಾರ ಮುಂಜಾನಿ ನಾವು ಶಹಾಪುರದ ಕಡಿ ಹೊಂಟಿದ್ವಿ. ಉಳಿದವರು ಭೀಮಾ ಬ್ರಿಜ್ಜಿನ ತನಕ ಬಂದು ತಿರುಗಿದ್ರು. ನಾ ಮತ್ತ ಯಾದಗಿರಿಯ ಕಿರಾಣಿ ಸಾವಕಾರ್ರು ಇಬ್ಬರೇ ಮುಂದ ಹೋದ್ವಿ. ಸಾವಕಾರ್ರಿಗಿ ಅರವತ್ತು ದಾಟ್ಯಾವ, ಮೋಟರ್ ಇಲ್ಲದ ಹಳೀ ಸೈಕಲ್ಲು, ಸಿಟ್ಟು ಬರೋವಷ್ಟು ಸಮಾಧಾನದ ಮನುಷ್ಯ. ಶಹಾಪುರದ ಗುಡ್ಡ ಕಾಣೋದಕ್ಕ ಸುರು ಆಗಿತ್ತು, ಅಷ್ಟ್ರಾಗ ನನ್ನ ಬ್ಯಾಟ್ರಿ ಸತ್ತಿತು. ಏನು ಒತ್ತಿದ್ರೂ ದೀಪ ಹತ್ತಲಿಲ್ಲ. ಬ್ಯಾಟ್ರಿ ಸತ್ತ ಸೈಕಲ್ ತುಳಿಯೋದು ಅಂದ್ರ ಕಲ್ಲು ಎಳಿದಂಗ. ಏದುಸಿರು ಬಿಡಕೋತ ಶಹಾಪುರಕ್ಕ ಬಂದು, ಸಾವಕಾರ್ರಿಗಿ ಗೊತ್ತಿದ್ದ ಒಂದು ರಿಪೇರಿ ಅಂಗಡಿಗಿ ಹೋದ್ವಿ.

ರಿಪೇರಿ ಮಾಡೋರು ಕನ್ನಡಕ ಮೂಗಿನ ತುದಿಗಿ ಇಳಿಸಿ ಬ್ಯಾಟ್ರಿ ಮುಚ್ಚಳ ಬಿಚ್ಚಿದ್ರು. ಒಳಗ ವೈರಿನ ಬುಡಕ್ಕ ಹಸರು ಪುಡಿ ಹತ್ತಿತ್ತು, ಪಟ್ಟಿಗಿ ತುಕ್ಕು ಹಿಡಿದಿತ್ತು. ಮೂಲ್ಯಾಗ ಒಂದು ಚಮಚದಷ್ಟು ನೀರೂ ನಿಂತಿತ್ತು.

"ಇದರಾಗ ನೀರು ಎಲ್ಲಿಂದ ಬಂತ್ರೀ? ಮಳಿ ಇಲ್ಲ ಏನಿಲ್ಲ."

"ಬಿಸಲಿಗಿ ಕಾಯಬಾರದಂತ ಹಸಿ ಗೋಣಿ ಸುತ್ತಿದ್ದೆ."

ಅವರು ಕೈಯಾಗಿನ ಸ್ಕ್ರೂ ಡ್ರೈವರ್ ಕೆಳಗಿಟ್ರು. "ಹಸಿ ಗೋಣಿ? ಯಾವ ಪುಣ್ಯಾತ್ಮ ಹೇಳ್ದ ನಿಮಗ ಈ ಬುದ್ಧಿ?"

ಸಾವಕಾರ್ರು ರಸ್ತಾದ ಕಡಿ ಮುಖ ತಿರುಗಿಸಿದ್ರು. ನಾ ಬಿಚ್ಚಿಟ್ಟ ಮುಚ್ಚಳ ಕೈಯಾಗ ತಗೊಂಡು ತಿರುಗಿಸಿ ನೋಡಿದೆ. ಆಮ್ಯಾಲ ಅಂದೆ, "ಗ್ರೂಪಿನಾಗ ಯಾರೋ ಹಾಕಿದ್ರು."

ಹೌದು, ಹಂಗೇ ಅಂದೆ. ಇಪ್ಪತ್ತು ವರ್ಷ ಮಕ್ಕಳಿಗಿ ಖರೇ ಹೇಳ್ರಿ ಅಂತ ಬೆತ್ತ ತೋರಿಸಿದಾಕಿ, ಐವತ್ತೆರಡರ ವಯಸ್ಸಿನಾಗ ಒಬ್ಬ ಗುರುತಿಲ್ಲದ ಮನುಷ್ಯನ ಮುಂದ ಹಸಿ ಸುಳ್ಳು ಹೇಳ್ದೆ.

"ಅವನಿಗಿ ಹೇಳ್ರಿ, ಇದು ನೀರಿನ ಬಾಟ್ಲಿ ಅಲ್ಲಂತ" ಅಂದ್ರು ಅವರು. "ನೀರಿನ ಬಾಟ್ಲಿಗಿ ಸಂದಿ ಇರಂಗಿಲ್ಲ, ಇದಕ್ಕ ಚಾರ್ಜರ್ ತೂತು ಅದ, ಮುಚ್ಚಳದ ಸಂದಿ ಅದ. ದಿನಾ ಹನಿ ಹನಿ ಒಳಗ ಇಳೀತದ. ನಿಮ್ಮದು ಸುಮ್ನ ಸತ್ತು ಪುಣ್ಯಾ ಕಟ್ಕೊಂಡದ. ಚಾರ್ಜಿಗಿ ಹಾಕಿದಾಗ ಒಳಗ ಒಂದಕ್ಕೊಂದು ತಾಗಿದ್ರ ಬೆಂಕಿ ಹತ್ತಿ ಬಿಡ್ತದ. ಹೊಗಿ ಬ್ಯಾರೆ ವಿಷ. ಅದರಾಗ ಮಲಗೋ ಖೋಲ್ಯಾಗ ಚಾರ್ಜ್ ಮಾಡೋ ಮಂದಿ ಇರ್ತಾರ, ಅವರ ಗತಿ ದೇವರೇ ನೋಡ್ಬೇಕು."

ಮಲಗೋ ಖೋಲಿ ಅಂದ ಕೂಡ್ಲೇ ನಾ ಮೊಬೈಲಿಗಿ ಕೈ ಹಾಕಿದೆ. ಟೇಲರ್ ಭಾಯಿ ಮನ್ಯಾಗ ದೊಡ್ಡ ಪ್ಲಗ್ಗು ಇದ್ದಿದ್ದು ಒಳಗಿನ ಖೋಲ್ಯಾಗ ಒಂದೇ. ಅದನ್ನ ಅವರೇ ಗ್ರೂಪಿನಾಗ ಕೇಳಿದ್ರು: ಮಗಳು ಹೆರಿಗಿಗಿ ಬಂದಾಳ, ಬಾಣಂತಿ ಖೋಲ್ಯಾಗ ಚಾರ್ಜ್ ಮಾಡಿದ್ರ ಏನರ ತೊಂದ್ರಿ ಅದ ಏನ್ರೀ? ಅದಕ್ಕ ಉತ್ತರ ಕೊಟ್ಟಾಕಿನೂ ನಾನೇ. ಏನಾಗಂಗಿಲ್ಲ ಬಿಡ್ರಿ ಭಾಯಿ, ಮೊಬೈಲ್ ಚಾರ್ಜ್ ಮಾಡಿದಂಗ, ಅಂದಿದ್ದೆ. ಬಾಣಂತಿ ಖೋಲಿ ಅಂದ್ರ ಗಾಳಿ ಬರಬಾರದಂತ ಕಿಡಕಿಗೂ ಅರಬಿ ತುರುಕಿರ್ತಾರ. ಒಳಗ ಹಸಿ ಬಾಣಂತಿ, ತಿಂಗಳೂ ತುಂಬದ ಕೂಸು.

ಅಂಗಡಿ ಮುಂದ ನಿಂತೇ ಗ್ರೂಪಿನಾಗ ಬರಿದೆ, ಗೋಣಿ ತೆಗೀರಿ, ಚಾರ್ಜ್ ಹಾಕಬ್ಯಾಡ್ರಿ. ಅವಸರಕ್ಕ ಅಕ್ಷರ ತಪ್ಪಾದ್ವು. ಒಬ್ಬೊಬ್ಬರೇ ಉತ್ತರ ಹಾಕಿದ್ರು. "ನಂದೇನೂ ಆಗಿಲ್ರೀ ಟೀಚರ್", "ನಾ ಮೊದಲೇ ಬಿಚ್ಚೀನಿ, ವಾಸನಿ ಬರ್ತಿತ್ತು". ಒಬ್ಬ ಮಾರಾಯನಂತೂ ಇದಕ್ಕೂ ಹೆಬ್ಬೆರಳು ಎತ್ತಿದ! ಟೇಲರ್ ಭಾಯಿ ಒಬ್ಬರದೇ ಉತ್ತರ ಇಲ್ಲ. ಫೋನ್ ಹಚ್ಚಿದೆ, ಬಂದ್. ಮತ್ತ ಹಚ್ಚಿದೆ, ಬಂದ್. ಅವರು ಗ್ರೂಪ್ ನೋಡಿ ಎರಡು ದಿನ ಆಗಿತ್ತು. ದಿನಾ ಮುಂಜಾನಿ ಎಲ್ಲಾರಿಗೂ ಸಲಾಂ ಹಾಕೋ ಮನುಷ್ಯ.

"ಫೋನ್ ಬಂದ್ ಅಂದ್ರ ಚಾರ್ಜ್ ಇಲ್ಲಂತ ಅರ್ಥ" ಅಂದ್ರು ಸಾವಕಾರ್ರು. "ಚಹಾ ಕುಡೀರಿ, ಆಮ್ಯಾಲ ನೋಡೋಣು."

"ಚಹಾ ಏನ್ ಕುಡೀತೀರಿ? ನಡೀರಿ ಅವರ ಊರಿಗಿ!"

"ಹೊಟ್ಟ್ಯಾಗ ಏನರ ಬಿದ್ರ ಕಾಲು ಓಡ್ತಾವು ಟೀಚರ್."

"ನಿಮಗ ಹೊಟ್ಟಿ ಚಿಂತಿ, ನನಗ ಕೂಸಿನ ಚಿಂತಿ" ಅಂತ ಒದರಿದೆ. ಪಾಪ, ಅವರು ಕಾಲು ಎತ್ತಿ ಸೈಕಲ್ ಏರಿದ್ರು.

ಬ್ಯಾಟ್ರಿ ಅಲ್ಲೇ ಬಿಟ್ಟು ಹೊಂಟ್ವಿ. ಬಸ್ಸಿಗಿ ಹೋಗಬಹುದಿತ್ತು, ಆದ್ರ ಬಸ್ ಸ್ಟ್ಯಾಂಡಿನಾಗ ಕಾಯ್ಕೋತ ನಿಲ್ಲೋದು ನನ್ನ ಕೈಲಿ ಆಗ್ತಿರಲಿಲ್ಲ. ಕಾಲು ಏನರ ಮಾಡಾಕತ್ತಿದ್ರ ತಲಿ ಸುಮ್ನಿರ್ತದಂತ ತಿಳಿದಿದ್ದೆ. ಎಲ್ಲಿ ಸುಮ್ನಿರ್ತದ? ಒಂದೊಂದು ಸುತ್ತು ತುಳಿದಂಗ ಒಂದೊಂದು ಕಾಣ್ತಿತ್ತು. ಕಿಡಕಿಗಿ ತುರುಕಿದ ಅರಬಿ. ಹೊಗಿ. ಕುಂಟಕೋತ ಓಡೋ ಟೇಲರ್ ಭಾಯಿ. ಎರಡೂ ಕಡಿ ಭತ್ತದ ಗದ್ದಿ ಕೊಯ್ದು ಬಯಲಾಗಿತ್ತು, ಕೂಳಿ ಸುಟ್ಟ ಹೊಗಿ ದೂರದಾಗ ಎದ್ದಿತ್ತು. ಆ ಹೊಗಿ ನೋಡಿ ನಾ ಬ್ರೇಕ್ ಹಾಕಿ ನಿಂತುಬಿಟ್ಟೆ.

"ಅದು ಹೊಲದ್ದು ರೀ" ಅಂದ್ರು ಸಾವಕಾರ್ರು. "ಊರು ಇನ್ನಾ ಮುಂದ ಅದ."

ಬಾಯಾಗಿನ ನೀರು ಆರಿತ್ತು. ಅವರು ಬಾಟ್ಲಿ ಕೊಟ್ರು. ನೀರು ತಣ್ಣಗಿತ್ತು. ಅವರ ಬಾಟ್ಲಿಗೂ ಹಸಿ ಅರಬಿ ಸುತ್ತಿತ್ತು. ಕುಡಿಯಾಕ ಮನಸ್ಸಾಗಲಿಲ್ಲ, ಹಂಗೇ ತಿರುಗಿ ಕೊಟ್ಟೆ.

"ನಾ ಅಲ್ಲಿ ಅಂಗಡ್ಯಾಗ ಸುಳ್ಳು ಹೇಳಿದೆ" ಅಂದೆ.

"ಕೇಳಿದೆ."

"ಮತ್ತ ಸುಮ್ನ ಇದ್ರಿ?"

"ನಾ ಏನ್ ಅನ್ಲಿ? ನೀವು ಗ್ರೂಪಿನಾಗ ಹೇಳಿದಾಗ ನನಗೂ ಅನಸಿತ್ತು, ನೀರು ಕರೆಂಟು ಒಂದೇ ಕಡಿ ಹೆಂಗಂತ. ಟೀಚರ್ ಹೇಳ್ಯಾರ, ನಂದು ಕಿರಾಣಿ ಬುದ್ಧಿ ಅಂತ ಬಾಯಿ ಮುಚ್ಕೊಂಡೆ. ಅವತ್ತೇ ಬಾಯಿ ಬಿಚ್ಚಲಿಲ್ಲ, ಇವತ್ತು ಬಿಚ್ಚಿ ಏನ್ ಮಾಡ್ಲಿ?"

ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಇಬ್ಬರದೂ ಅದೇ ಕಥಿ.

ಕೆನಾಲ್ ದಾಟಿ ಎಡಕ್ಕ ತಿರುಗಿದ್ವಿ. ಊರ ಬಾಗಿಲಾಗ ಕುಂತಿದ್ದ ಒಬ್ಬ ಮುದುಕನ್ನ ಟೇಲರ್ ಭಾಯಿ ಮನಿ ಎಲ್ಲಿ ಅಂತ ಕೇಳಿದೆ. "ಬ್ಯಾಟ್ರಿ ಸುಟ್ಟಿತಲ್ಲ, ಆ ಮನಿ ಏನವಾ?" ಅಂದ. ಯಾರಿಗರ ಏನರ ಆಗ್ಯದೇನಂತ ಕೇಳೋ ಧೈರ್ಯ ಬರಲಿಲ್ಲ. ಸೈಕಲ್ ಸಾವಕಾರ್ರ ಕೈಗಿ ಕೊಟ್ಟು ಓಡಿದೆ.

ಮನಿ ಮುಂದ ಅಂಗಳದಾಗ ಕರ್ರಗ ಸುಟ್ಟ ಒಂದು ಗುರುತು, ಅದರ ಮ್ಯಾಲ ಉಸುಕು ಸುರುವಿದ್ರು. ಒಳಗಿಂದ ಕೂಸು ಅಳೋ ಸಪ್ಪಳ ಬಂತು. ನಾ ನನ್ನ ಜೀವನದಾಗ ಅಷ್ಟು ಛಂದನ ಸಪ್ಪಳ ಕೇಳಿಲ್ಲ. ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತೆ, ಕಣ್ಣಾಗ ನೀರು ತಾನೇ ಇಳೀತು.

ಟೇಲರ್ ಭಾಯಿ ಪಡಸಾಲ್ಯಾಗ ಚಾಪಿ ಮ್ಯಾಲ ಕುಂತಿದ್ರು. ಎರಡೂ ಕೈಗಿ ಮೊಣಕೈ ತನಕ ಬಿಳೀ ಪಟ್ಟಿ. ನನ್ನ ನೋಡಿ ಏಳಾಕ ಹೋದ್ರು, ಕೈ ಊರಾಕ ಬರಲಿಲ್ಲ, ಮತ್ತ ಕುಂತ್ರು. "ಅರೆ, ಟೀಚರ್! ಬರ್ರಿ ಬರ್ರಿ. ಇಷ್ಟು ಬಿಸಲಾಗ?" ಅಂತ ನಕ್ರು.

ಆಗಿದ್ದನ್ನ ಅವರ ಹೆಂಡತಿ ಹೇಳಿದ್ರು. ಶುಕ್ರವಾರ ನಮಾಜಿಗಿ ಹೋಗೋ ಮುಂದ ಭಾಯಿ ಬ್ಯಾಟ್ರಿ ಚಾರ್ಜಿಗಿ ಹಾಕಿದ್ರಂತ, ಗೋಣಿ ಸಮೇತ. ಮಸೂತಿಯಿಂದ ಬರೋದ್ರಾಗ ಖೋಲ್ಯಾಗ ಸುಂಯ್ ಅನ್ನೋ ಸಪ್ಪಳ, ಸುಟ್ಟ ವಾಸನಿ. ಮಗಳು ಕೂಸಿನ ಪಕ್ಕಕ್ಕ ನಿದ್ದಿಗಿ ಬಿದ್ದಿದ್ಲು. ಇವರು ವೈರು ಕಿತ್ತು ಒಗದು, ಉರಿಯೋ ಬ್ಯಾಟ್ರಿನ ಎರಡೂ ಕೈಯಾಗ ತಬ್ಬಿಕೊಂಡು ಕುಂಟಕೋತ ಅಂಗಳಕ್ಕ ತಂದು ಒಗದ್ರಂತ. ಅದೇ ಬೋರ್ಡಿಗಿ ಹಾಕಿದ್ದ ಮೊಬೈಲೂ ಹೋತು. ಬಾಣಂತಿ, ಕೂಸು ಇಬ್ಬರೂ ಅರಾಮ್ ಅದಾರ. ಕೈ ಬೆರಳು ಮತ್ತ ಸೂಜಿ ಹಿಡೀತಾವೋ ಇಲ್ಲೋ, ಪಟ್ಟಿ ಬಿಚ್ಚಿದ ಮ್ಯಾಲ ಹೇಳ್ತೀನಿ ಅಂದಾರಂತ ಡಾಕ್ಟರು.

ಹೇಳ್ಬೇಕಾದ್ದನ್ನ ನಾ ದಾರಿಗುಂಟ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯೋಕ ಮುಂಚೆ ಅವರೇ ಸುರು ಮಾಡಿದ್ರು.

"ನಂದೇ ತಪ್ಪಾತು ಟೀಚರ್. ನೀವು ಹೇಳಿದ್ದು ಬರಾಬರ್ ಇತ್ತು. ನೀವು ಒಂದು ಗೋಣಿ ತುಂಡು ಅಂದ್ರಿ, ನಾ ಶಾಣ್ಯಾತನ ಮಾಡಿ ಒಳಗ ಅಸ್ತರು ಕೊಟ್ಟೆ. ಅಸ್ತರು ನೀರು ಜಾಸ್ತಿ ಹಿಡೀತು. ನಿಮ್ಮ ಮಾತು ಪೂರಾ ಕೇಳಿದ್ರ ಹಿಂಗ ಆಗ್ತಿರಲಿಲ್ಲ."

"ಇಲ್ಲ ಭಾಯಿ. ತಪ್ಪು ನಂದು. ನಾ ಹೇಳಿದ್ದೇ ತಪ್ಪು."

"ಏ ಬಿಡ್ರೀ, ನಿಮ್ಮದು ದೊಡ್ಡ ಮನಸ್ಸು" ಅಂತ ಹೆಂಡತಿ ಕಡಿ ನೋಡಿ ನಕ್ರು. ಆಮ್ಯಾಲ ಸ್ವಲ್ಪ ಮುಂದ ಬಾಗಿ, ಸಾಲಿ ಹುಡುಗರು ತಿಳಿಯದ ಲೆಕ್ಕ ಕೇಳೋವಂಗ ಮೆಲ್ಲಕ ಕೇಳಿದ್ರು, "ಖರೇ ಅಂದ್ರ ಎಷ್ಟು ಹಸಿ ಮಾಡ್ಬೇಕಿತ್ರೀ?"

ನನಗ ಅಲ್ಲೇ ಭೂಮಿ ಬಾಯಿ ಬಿಟ್ಟಿದ್ರ ಛಲೋ ಇತ್ತು ಅನಿಸ್ತು.

"ಹನಿ ನೀರೂ ಮುಟ್ಟಸಬಾರದಿತ್ತು ಭಾಯಿ. ನನಗ ಗೊತ್ತಿರಲಿಲ್ಲ. ಗೊತ್ತಿಲ್ದ ಹೇಳಿದೆ. ನಿಮ್ಮ ಕೈ ನಾ ಸುಟ್ಟೀನಿ."

ಅವರು ನನ್ನ ಮುಖ ನೋಡಿದ್ರು, ಹಿಂದ ನಿಂತಿದ್ದ ಸಾವಕಾರ್ರ ಮುಖ ನೋಡಿದ್ರು. ಸಾವಕಾರ್ರು ಹೌದಂತ ಗೋಣು ಹಾಕಿದ್ರು. ಟೇಲರ್ ಭಾಯಿ ನಗೋದು ನಿಂತಿತು. ಬೈತಾರಂತ ನಾ ತಲಿ ತಗ್ಗಿಸಿ ಕುಂತೆ. ಬೈದ್ರ ಛಲೋ ಇತ್ತು. ಅವರ ಮುಖ ಬ್ಯಾರೆ ಕಾರಣಕ್ಕ ಬೆಳ್ಳಗಾಗಿತ್ತು.

"ನಾ ಐದು ಮಂದಿಗಿ ಹೊಲಿದು ಕೊಟ್ಟೀನ್ರೀ" ಅಂದ್ರು. "ಸುರಪುರದಾಗ. ನನ್ನ ಗಿರಾಕಿಗಳು. ಅವರು ಬ್ಯಾಡ ಅಂದ್ರು, ಏನಾಗಂಗಿಲ್ಲ ತಗೋರಿ, ಟೀಚರ್ ಹೇಳ್ಯಾರ ಅಂತ ನಾನೇ ಹೇಳಿ ಕೊಟ್ಟೀನಿ."

ಮೊಬೈಲ್ ಸುಟ್ಟಿತ್ತು, ನಂಬರ್ ಒಂದೂ ಇರಲಿಲ್ಲ. ಮನಿಗಳ ಗುರುತು ಅವರಿಗಿ ಒಬ್ಬರಿಗೇ ಗೊತ್ತು. "ಅಜಿ, ಹಾಥಾಂ ದೇಖೋ" ಅಂತ ಹೆಂಡತಿ ಕೈ ತೋರಿಸಿ ತಡಿಯಾಕ ಬಂದ್ರು. ಅವರು ಕೇಳಲಿಲ್ಲ, ಗ್ವಾಡಿಗಿ ಬೆನ್ನು ಕೊಟ್ಟು ಎದ್ದೇ ಬಿಟ್ರು. ಸಾವಕಾರ್ರು ಆಟೋ ತರಾಕ ಹೊರಗ ಓಡಿದ್ರು. ಅವತ್ತು ಸಂಜಿ ಆಗೋದ್ರಾಗ ಐದೂ ಮನಿ ಹುಡುಕಿ ಐದೂ ಗೋಣಿ ಬಿಚ್ಚಿಸಿದ್ವಿ. ಯಾರಿಗೂ ಏನೂ ಆಗಿರಲಿಲ್ಲ. ಆದ್ರ ಇವತ್ತಿಗೂ ನನ್ನ ಕಣ್ಣಿಗಿ ಕಟ್ಟಿದ್ದು ಆಟೋ ಬರೋಕ ಮುಂಚಿನ ಆ ಒಂದು ನಿಮಿಷ.

ಬಾಗಿಲಾಗ ಅವರ ಚಪ್ಪಲಿ ಇದ್ವು. ಎಡಗಾಲಿನದು ಎತ್ತರದ್ದು, ಮೂರು ಬೆಲ್ಟಿಂದು, ಬಿಗಿದು ಕಟ್ಟದಿದ್ರ ನಿಲ್ಲಂಗಿಲ್ಲ. ಅವರು ಕಾಲು ತೂರಿಸಿದ್ರು, ಬಗ್ಗಿದ್ರು, ಪಟ್ಟಿ ಸುತ್ತಿದ ಕೈ ಬೆಲ್ಟಿಗಿ ತಾಗಿಸಿದ್ರು. ಬೆರಳೇ ಇರದಂಗ ಕೈ ಜಾರ್ತಿತ್ತು. ಮತ್ತೊಮ್ಮೆ ಮಾಡಿ ನೋಡಿದ್ರು. ನಾ ಕೆಳಗ ಕುಂತು ಅವರ ಕಾಲು ಹಿಡಿದೆ.

"ಬ್ಯಾಡ್ರೀ ಟೀಚರ್, ತೋಬಾ ತೋಬಾ, ನೀವು ನನ್ನ ಕಾಲು ಮುಟ್ಟಬಾರದು" ಅಂತ ಹಿಂದಕ್ಕ ಎಳಕೊಳ್ಳಾಕ ನೋಡಿದ್ರು. ನಾ ಬಿಡಲಿಲ್ಲ. ಮೂರೂ ಬೆಲ್ಟು ಒಂದೊಂದೇ ಬಿಗಿದೆ, ಬಿಗಿ ಆತೇನ್ರೀ ಅಂತ ಕೇಳಿದೆ.

"ಇನ್ನೊಂದು ತೂತು ಎಳೀರಿ" ಅಂದ್ರು. ಎಳದೆ.